ಮುಂದಿನ ಚೀಟಿ ಯಾರಿಗೂ ಗೊತ್ತಾಗಬಾರದು

ಕ್ಲಿನಿಕಲ್ ಟ್ರಯಲ್‌ನಲ್ಲಿ, ಅಂದರೆ ರೋಗಿಗಳಿಗೆ ಔಷಧಿ ಕೊಟ್ಟು ಪರೀಕ್ಷಿಸುವ ಅಧ್ಯಯನದಲ್ಲಿ, ಪಕ್ಷಪಾತ ಅಂದರೆ ಯಾರೋ ಬೇಕಂತಲೇ ಅಂಕಿ ತಿದ್ದುವುದು ಅಂತ ಅಂದುಕೊಂಡಿದ್ದೆ. ನಾನು ಕಣ್ಣಾರೆ ಕಂಡಿದ್ದು ಬೇರೆಯೇ.

ರೋಗಿಗಳನ್ನು ಟ್ರಯಲ್‌ಗೆ ಸೇರಿಸಿಕೊಳ್ಳುವ ಕೆಲಸದ ಹೊಣೆ ನನ್ನದಾಗಿತ್ತು. ಯಾರಿಗೆ ಯಾವ ಔಷಧಿ ಅಂತ ವೈದ್ಯರಿಗೂ ರೋಗಿಗೂ ಗೊತ್ತಿರುವಂಥ ಟ್ರಯಲ್ ಅದು. ಮುಂದೆ ಬರುವವರಿಗೆ ಯಾವುದು ಅನ್ನುವ ಚೀಟಿ ಮಾತ್ರ ಅಂಟಿಸಿದ ಲಕೋಟೆಯಲ್ಲಿ ಇರುತ್ತಿತ್ತು. ನಾಲ್ಕು ನಾಲ್ಕು ಲಕೋಟೆಗೆ ಒಂದು ಕಂತೆ, ಪ್ರತಿ ಕಂತೆಯಲ್ಲಿ ಎರಡು ಹೊಸ ಔಷಧಿ, ಎರಡು ಹಳೆಯದು. ಮೂರು ಒಡೆದ ಮೇಲೆ ನಾಲ್ಕನೆಯದು ಏನು ಅಂತ ಒಡೆಯದೆಯೇ ಹೇಳಬಹುದು, ಅಲ್ವಾ? ನನಗೆ ಆಗ ಇದು ಹೊಳೆಯಲಿಲ್ಲ.

ಸೇರುವಾಗ ಯಾರ ಕಾಯಿಲೆ ಎಷ್ಟಿತ್ತು ಅನ್ನುವ ಪಟ್ಟಿ ನೋಡಿದಾಗ ಹೊಸ ಔಷಧಿಯ ಗುಂಪಿನಲ್ಲಿ ಕಾಯಿಲೆ ಜಾಸ್ತಿ ಇದ್ದವರೇ ತುಂಬಿದ್ದರು. ಆಕಸ್ಮಿಕವೂ ಇರಬಹುದು, ಆದರೂ ಸುಮ್ನೆ ಬಿಡಲು ಮನಸ್ಸಾಗದೆ ಟ್ರಯಲ್‌ಗೆ ಯಾರು ಅರ್ಹರು ಅಂತ ಪರೀಕ್ಷಿಸಿ ಬರೆಯುವ ಸ್ಕ್ರೀನಿಂಗ್ ರಿಜಿಸ್ಟರ್ ತೆಗೆದು ದಿನಾಂಕಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ. ಕೆಲವರನ್ನು ಅರ್ಹರು ಅಂತ ಬರೆದ ದಿನ ಸೇರಿಸದೆ ಒಂದೆರಡು ದಿನ ಬಿಟ್ಟು ಸೇರಿಸಿದ್ದರು. ಬಹುತೇಕ ಎಲ್ಲರೂ ತುಂಬಾ ನರಳುತ್ತಿದ್ದವರು, ಮುಂದಿನ ಚೀಟಿ ಹಳೆಯ ಔಷಧಿಯದು ಅಂತ ಊಹಿಸಬಹುದಾಗಿದ್ದ ದಿನ ಬಂದವರು. ಕೇಳಿದಾಗ ಸಹೋದ್ಯೋಗಿ ಏನೂ ಮುಚ್ಚಿಡಲಿಲ್ಲ. "ಪಾಪ, ಅವರಿಗೆ ಹೊಸದು ಸಿಗಲಿ ಅಂತ ನಾಳೆ ಬನ್ನಿ ಅಂದೆ ಮೇಡಂ."

ಬರೀ ಕರುಣೆ. ಆದರೆ ಹೆಚ್ಚು ಕಾಯಿಲೆಯವರೆಲ್ಲ ಒಂದೇ ಕಡೆ ಸೇರಿದರೆ ಒಳ್ಳೆಯ ಔಷಧಿಯೂ ಕೆಲಸಕ್ಕೆ ಬಾರದ್ದು ಅನ್ನಿಸಿಕೊಳ್ಳುತ್ತದೆ, ಮುಂದೆ ಅಂಥದ್ದೇ ರೋಗಿಗಳಿಗೆ ಅದು ಸಿಗದೆ ಹೋಗಬಹುದು. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್‌ನಲ್ಲಿ ಸುಮಾರು 20,000 ಶಾಲಾಮಕ್ಕಳ ಮೇಲೆ ಹಾಲಿನ ಪ್ರಯೋಗ ನಡೆದಾಗಲೂ ಹೀಗೇ ಆಗಿತ್ತು. ಗುಂಪು ಸರಿತೂಗದಿದ್ದರೆ ಮಕ್ಕಳನ್ನು ಬದಲಿಸುವ ಅವಕಾಶ ಶಿಕ್ಷಕರಿಗಿತ್ತು. ಬಡಕಲು ಮಕ್ಕಳಿಗೆ ಹಾಲು ಸಿಗಲಿ ಅಂತ ಅವರೂ ಕರುಣೆಯಿಂದ ಬದಲಿಸಿರಬೇಕು. ಹಾಲು ಸಿಗದ ಗುಂಪಿನ ಮಕ್ಕಳು ಮೊದಲೇ ಎತ್ತರ, ತೂಕದಲ್ಲಿ ಮುಂದಿದ್ದರು.

ನಾವು ಸೇರ್ಪಡೆ ನಿಲ್ಲಿಸಿ ಲಕೋಟೆಗಳನ್ನು ಕೈಬಿಟ್ಟೆವು. ಈಗ ರೋಗಿಯ ಒಪ್ಪಿಗೆ ಪಡೆದು, ಹೊರಗಿನ ಕೇಂದ್ರಕ್ಕೆ ಫೋನ್ ಮಾಡಿ ದಾಖಲಿಸಬೇಕು. ದಾಖಲಾದ ಮೇಲಷ್ಟೇ ಯಾವ ಗುಂಪು ಅಂತ ಹೇಳುತ್ತಾರೆ, ಆಮೇಲೆ ನಾವು ಹೆಸರು ತೆಗೆಯುವ ಹಾಗಿಲ್ಲ. ಅವರ ಪಟ್ಟಿಯಲ್ಲಿ ಕಂತೆಯ ಗಾತ್ರ ಒಮ್ಮೆ ನಾಲ್ಕು, ಒಮ್ಮೆ ಆರು, ಒಮ್ಮೆ ಎಂಟು, ಅದು ನನಗೂ ಗೊತ್ತಾಗುವುದಿಲ್ಲ. ಫಲಿತಾಂಶ ಅಳೆಯುವವರನ್ನೂ ಬೇರೆ ಮಾಡಿದೆವು. ಯಾರು ಯಾವ ಔಷಧಿ ತೆಗೆದುಕೊಂಡರು ಅನ್ನುವುದು ಅವರಿಗೆ ತಿಳಿಯದು.

ಮೊದಲು ಸೇರಿದವರ ಮಾಹಿತಿಯನ್ನು ಎಸೆಯಲಿಲ್ಲ. ಬದಲಾವಣೆಗೆ ಮುಂಚಿನವರದ್ದು, ನಂತರದವರದ್ದು ಬೇರೆ ಬೇರೆಯಾಗಿ ತೋರಿಸಿ, ನಡೆದಿದ್ದನ್ನು ನಡೆದ ಹಾಗೆಯೇ ವರದಿಯಲ್ಲಿ ಬರೆದೆವು.