ಒಟ್ಟಿಗೆ ಹಾಫ್ ಮ್ಯಾರಥಾನ್ ಓಡುವುದು ಹೇಗೆ?

ಹಾಫ್ ಮ್ಯಾರಥಾನ್ ಎಂದರೆ 21.0975 ಕಿ.ಮೀ. ಸಂಗಾತಿ, ಗೆಳೆಯರ ಜೊತೆ ಓಡುವುದಾದರೆ ಎಲ್ಲರಿಗಿಂತ ನಿಧಾನವಾಗಿ ಓಡುವವರೇ ವೇಗ ನಿರ್ಧರಿಸಲಿ. ಅವರು ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಬಲ್ಲ ವೇಗವೇ ಸರಿಯಾದ ವೇಗ. ಕಿ.ಮೀ.ಗೆ 7 ನಿಮಿಷವಾದರೆ ಸುಮಾರು 2 ಗಂಟೆ 28 ನಿಮಿಷಕ್ಕೆ ಮುಗಿಯುತ್ತದೆ.

ಗುಂಪಿನ ಲಯ ಕೆಡುವುದು ಹೆಚ್ಚಾಗಿ ಮೊದಲ 3 ಕಿ.ಮೀ.ನಲ್ಲೇ. ಹುರುಪಿನಲ್ಲಿ ಎಲ್ಲರೂ ಮುನ್ನುಗ್ಗುತ್ತಾರೆ. ಸ್ನಾಯುಗಳಲ್ಲಿ ಶೇಖರವಾಗಿರುವ ಸಕ್ಕರೆ, ಅಂದರೆ ಗ್ಲೈಕೋಜನ್, ಬೇಗ ಕರಗಿ, 16ನೇ ಕಿ.ಮೀ. ಆಸುಪಾಸಿನಲ್ಲಿ ಯಾರದೋ ಕಾಲು ಕಲ್ಲಾಗುತ್ತದೆ. ಹಾಗಾಗಿ ಆರಂಭದಲ್ಲಿ ಕಿ.ಮೀ.ಗೆ 10–15 ಸೆಕೆಂಡ್ ನಿಧಾನವಾಗಿಯೇ ಓಡಿ. ವಾಚ್ ನೋಡುವ ಕೆಲಸ ಒಬ್ಬರಿಗೇ ಇರಲಿ. ನಾಲ್ವರು ನಾಲ್ಕು ಲೆಕ್ಕ ಹೇಳಿದರೆ ವೇಗ ಏರುಪೇರಾಗುತ್ತದೆ.

ಇಬ್ಬಿಬ್ಬರಾಗಿ ಓಡಿ, ದಾರಿ ಅಡ್ಡಗಟ್ಟಬೇಡಿ. ನೀರು ಕೊಡುವಲ್ಲಿ ಮೊದಲ ಮೇಜಿಗೆ ಮುಗಿಬೀಳದೆ ಕೊನೆಯದಕ್ಕೆ ಹೋಗಿ, ನೂರು ಹೆಜ್ಜೆ ಮುಂದೆ ಮತ್ತೆ ಸೇರಿಕೊಳ್ಳಿ. ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಓಡುತ್ತಲೇ ಸೇವಿಸುವ ಕಾರ್ಬೋಹೈಡ್ರೇಟ್ ಜೆಲ್ ಅನ್ನು ಅಭ್ಯಾಸದ ದಿನಗಳಲ್ಲೇ ಪರೀಕ್ಷಿಸಿ. ಸಂಗಾತಿಗೆ ಒಗ್ಗಿದ್ದು ನಿಮ್ಮ ಹೊಟ್ಟೆಗೂ ಒಗ್ಗಬೇಕೆಂದಿಲ್ಲ.

18 ಕಿ.ಮೀ. ದಾಟಿದ ಮೇಲೆ ಕಸುವಿದ್ದವರು ಮುಂದೆ ಹೋಗಬಹುದೇ, ಮುಗಿದ ಬಳಿಕ ಎಲ್ಲಿ ಸೇರಬೇಕು ಎಂಬುದನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ಓಡುವಾಗ ಚರ್ಚಿಸಿದರೆ ಮನಸ್ತಾಪವೇ ಹೆಚ್ಚು. ಎದೆನೋವು, ತಲೆಸುತ್ತು ಬಂದವರನ್ನು ಮಾತ್ರ ಒಂಟಿಯಾಗಿ ಬಿಡಬೇಡಿ. ಓಟ ನಿಲ್ಲಿಸಿ, ಒಬ್ಬರು ಜೊತೆಗಿದ್ದು ಇನ್ನೊಬ್ಬರು ವೈದ್ಯಕೀಯ ನೆರವು ಕರೆತನ್ನಿ.