ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆಯಾ? ಪಾರ್ಟ್ ಕೊಳ್ಳುವ ಮೊದಲು ಅದಲು ಬದಲು ಮಾಡಿ ನೋಡಿ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಸಣ್ಣಗೆ ನಡುಗುತ್ತದೆ. ಎಕ್ಸಿಲರೇಟರ್ ಒತ್ತಿದರೆ ಪಿಕಪ್ ಇಲ್ಲ, ಒಂದೆರಡು ಸಲ ಜಗ್ಗಿ ಆಮೇಲೆ ಮುಂದೆ ಹೋಗುತ್ತದೆ. ಮೀಟರ್‌ನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟು ಬೇರೆ. ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್’ ಅನ್ನುವುದು ಇದಕ್ಕೇ. ಯಾವುದೋ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಿಡಿ ಬರುತ್ತಿಲ್ಲ, ಇಲ್ಲವೇ ಗಾಳಿ ಪೆಟ್ರೋಲಿನ ಹದ ತಪ್ಪಿದೆ, ಇಲ್ಲವೇ ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಕಮ್ಮಿಯಾಗಿದೆ.

ಮೊದಲು ಲೈಟ್ ನೋಡಿ. ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೆ ಹೋಗಿ ಪರೀಕ್ಷೆ ಮಾಡಬಹುದು. ಮಿಣುಕುತ್ತಿದ್ದರೆ ಮಾತ್ರ ದಯವಿಟ್ಟು ಓಡಿಸಬೇಡಿ, ಯಾಕೆಂದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಆ ಬಿಸಿಗೆ ಕನ್ವರ್ಟರ್ ಒಳಗೇ ಕರಗಿ ಹೋಗಬಹುದು. ಕಿಡಿ ಹೊಡೆಯುವ ಒಂದು ಸ್ಪಾರ್ಕ್ ಪ್ಲಗ್‌ನಲ್ಲಿ ಮುಗಿಯುವ ರಿಪೇರಿ ಆಗ ಬಹಳ ದೊಡ್ಡದಾಗುತ್ತದೆ.

ಆಮೇಲೆ ಸ್ಕ್ಯಾನರ್. ಒಬಿಡಿ-2 (ತೊಂದರೆಯನ್ನು ಕಾರೇ ಗುರುತಿಸಿ ಕೋಡ್ ಆಗಿ ಇಟ್ಟುಕೊಳ್ಳುವ ವ್ಯವಸ್ಥೆ) ಇರುವ ಕಾರಾದರೆ ಸ್ಟೀರಿಂಗ್ ಕೆಳಗೆಲ್ಲೋ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಅದಕ್ಕೆ ಸಿಕ್ಕಿಸಿದರೆ ಕೋಡ್ ಕಾಣುತ್ತದೆ. ಪಿ0300 ಬಂದರೆ ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಮಿಸ್ಸಿಂಗ್ ಇದೆ ಎಂದರ್ಥ. ಪಿ0301 ಅಂದರೆ ಒಂದನೆಯದು, ಪಿ0303 ಅಂದರೆ ಮೂರನೆಯದು. ಲೈಟ್ ಆರಲಿ ಅಂತ ಬ್ಯಾಟರಿ ವೈರ್ ಬಿಚ್ಚಬೇಡಿ. ತೊಂದರೆ ಬಂದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಎಂಬ ‘ಫ್ರೀಜ್ ಫ್ರೇಮ್’ ಮಾಹಿತಿಯೂ ಅಳಿಸಿ ಹೋಗಬಹುದು. ಎಲ್ಲವನ್ನೂ ಮೊದಲು ಬರೆದಿಟ್ಟುಕೊಳ್ಳಿ.

ಕೋಡ್ ‘ಎಲ್ಲಿ’ ಅಂತ ಹೇಳುತ್ತದೆ, ‘ಯಾಕೆ’ ಅಂತ ಹೇಳುವುದಿಲ್ಲ. ನಾನು ಎಡವಿದ್ದು ಇಲ್ಲೇ. ಪಿ0303 ಬಂತು ಅಂತ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೊಸದು ತಂದು ಹಾಕಿದೆ, ಎರಡು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಜರ್ಕ್. ಕಾಯಿಲ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂರುವ ಗುಂಡಿಯಲ್ಲಿ ಇಂಜಿನ್ ಆಯಿಲ್ ನಿಂತಿತ್ತು! ಇಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟು ಆಯಿಲ್ ಒಳಗೆ ಇಳಿದಿತ್ತು, ಕಾಯಿಲ್‌ನ ರಬ್ಬರ್ ಮೆತ್ತಗೆ ಊದಿಕೊಂಡಿತ್ತು. ಹಳೆಯ ಕಾರುಗಳಲ್ಲಿ ಇದು ಜಾಸ್ತಿ.

ಹಾಗಾಗಿ ಅದಲು ಬದಲು ಮಾಡಿ ನೋಡುವುದೇ ಒಳ್ಳೆಯ ದಾರಿ. ಇಂಜಿನ್ ಪೂರ್ತಿ ತಣ್ಣಗಾಗಲಿ, ಕೀ ತೆಗೆಯಿರಿ. ಮೂರನೆಯ ಸಿಲಿಂಡರ್‌ನ ಕಾಯಿಲನ್ನು ಒಂದನೆಯದಕ್ಕೆ, ಅದರದ್ದನ್ನು ಇದಕ್ಕೆ ಹಾಕಿ, ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ ಗಾಡಿ ಓಡಿಸಿ. ಈಗ ಪಿ0301 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ ಪಿ0303 ಬಂದರೆ ಪ್ಲಗ್ ಬದಲಿಸಿ ನೋಡಿ, ಅದಕ್ಕೂ ಸರಿಹೋಗದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿ. ಪ್ಲಗ್ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾದರೆ ಕಷ್ಟ.

ಬಿಚ್ಚಿದ ಪ್ಲಗ್ ಕೈಯಲ್ಲಿದೆ ಅಲ್ವಾ, ಅದರ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಲ್ಲ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆ ಕಪ್ಪು ಜಿಡ್ಡಾದರೆ ಆಯಿಲ್ ಸುಡುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ವಿಪರೀತ ಬಿಸಿ, ಪೆಟ್ರೋಲ್ ಸಾಲದಿರಬಹುದು. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀರಿನಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ತುದಿಗೆ ಹೋಗದೆ ಅಲ್ಲೇ ಹೊರಗೆ ಹಾರುತ್ತಿದೆ. ಆ ಪ್ಲಗ್ ಬಿಸಾಡಿ, ಕಾಯಿಲ್ ರಬ್ಬರ್ ಒಳಗೂ ಅದೇ ಗೆರೆ ಇದೆಯಾ ನೋಡಿ.

ನಿಂತಾಗ ಮಾತ್ರ ನಡುಗಿ, ವೇಗದಲ್ಲಿ ಸರಿಯಾಗಿ ಓಡುತ್ತದೆ, ಜೊತೆಗೆ ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎನ್ನುವ ಕೋಡ್) ಕೂಡ ಇದೆ ಅಂದರೆ ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿರಬಹುದು. ಬಾನೆಟ್ ತೆಗೆದು ‘ಸ್ಸ್’ ಶಬ್ದ ಹುಡುಕಿ, ರಬ್ಬರ್ ಹೋಸ್‌ಗಳ ತುದಿಗಳನ್ನು ಬಗ್ಗಿಸಿ ನೋಡಿ. ಬಿರುಕು ಇರುವುದು ಹೆಚ್ಚಾಗಿ ಅಲ್ಲೇ.

ಇದ್ಯಾವುದರಲ್ಲೂ ಸಿಗದಿದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳೂ ಕಮ್ಮಿ ಇದ್ದು ಕೂಲೆಂಟ್ ಬೇರೆ ಇಳಿಯುತ್ತಿದ್ದರೆ, ಇಂಜಿನ್ ಹೆಡ್ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ನೋಡುವವರೆಗೂ ಆ ಗಾಡಿ ಸ್ಟಾರ್ಟ್ ಮಾಡಬೇಡಿ.