ಕಂಪನಿ ಹೋದರೂ ಕಟ್ಟಡ ಉಳಿಯಬೇಕು: ಹಾಸನದ ನಡುವೆ ಕಟ್ಟಿದ ಒಂದು ಕೇಂದ್ರ ಕಚೇರಿ

"ಎಷ್ಟು ಜನ ಕೂರಬಹುದು?" ಮೊದಲ ಸಭೆಯಲ್ಲಿ ಕಂಪನಿಯವರು ಕೇಳಿದ್ದು ಇದೊಂದೇ. "ನೀವು ಇಲ್ಲಿ ಎಷ್ಟು ವರ್ಷ ಇರುತ್ತೀರಿ?" ಎಂದು ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಐದು ವರ್ಷದಾಚೆಯ ಮಾತು ಹೇಳುವುದು ಕಷ್ಟ. ಕಾಂಕ್ರೀಟಿನ ಚೌಕಟ್ಟಾದರೋ ಸರಿಯಾಗಿ ಕಟ್ಟಿದರೆ ಎರಡು ತಲೆಮಾರು ನಿಲ್ಲುತ್ತದೆ. ಅಂದಿನಿಂದ ನಾನು ಎಳೆದ ಪ್ರತಿ ಗೆರೆಯ ಹಿಂದೆ ಆ ಪ್ರಶ್ನೆಯೇ ಇತ್ತು.

ಊರಾಚೆ ಎಕರೆಗಟ್ಟಲೆ ಜಮೀನು ಸಿಗುತ್ತಿತ್ತು. ಆದರೂ ಬಿ.ಎಂ. ರಸ್ತೆಗೆ ಹತ್ತಿರ, ಹಳೆಯ ಅಕ್ಕಿ ಗಿರಣಿ ಇದ್ದ ನಿವೇಶನವನ್ನೇ ಆರಿಸಿದೆವು. ಬೇಲೂರು, ಆಲೂರು, ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುವ ಹುಡುಗ ಹುಡುಗಿಯರು ಇಳಿದು ನಡೆದೇ ಕಚೇರಿ ಸೇರಬಹುದು. ಎಲ್ಲರೂ ಬೈಕು, ಕಾರುಗಳಲ್ಲೇ ಬರಬೇಕಾದ ಕಡೆ ಕಟ್ಟಿ, ಛಾವಣಿಯ ಮೇಲೆ ಸೌರಫಲಕ ಹಾಸಿ ಪರಿಸರಸ್ನೇಹಿ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ನನ್ನ ಮೊದಲ ನಕ್ಷೆ ತಪ್ಪಾಗಿತ್ತು. ನಿವೇಶನದ ಅಂಗುಲ ಅಂಗುಲವನ್ನೂ ಬಳಸುವ ಆಸೆಯಿಂದ ಒಂದೊಂದು ಮಹಡಿಯನ್ನೂ 30 ಮೀಟರ್ ಅಗಲಕ್ಕೆ ಎಳೆದಿದ್ದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಚೆನ್ನಾಗಿ ತಲುಪುತ್ತದೆ. ಮೂರು ಮೀಟರ್ ಎತ್ತರದ ಕಿಟಕಿಗೆ ಆರು ಮೀಟರ್ ಎಂದು ಲೆಕ್ಕ ಹಿಡಿದರೂ, ನಡುವೆ ಕೂತವರಿಗೆ ನಡುಹಗಲಲ್ಲೇ ದೀಪ ಬೇಕಾಗುತ್ತಿತ್ತು. ಆ ಹಾಳೆಯನ್ನು ಪಕ್ಕಕ್ಕಿಟ್ಟು ನಮ್ಮ ಕಡೆಯ ತೊಟ್ಟಿ ಮನೆಯ ಕ್ರಮಕ್ಕೆ ಬಂದೆ. ನಡುವೆ ತೆರೆದ ಅಂಗಳ, ಸುತ್ತ 15 ಮೀಟರ್ ಅಗಲದ ರೆಕ್ಕೆಗಳು. ಎರಡೂ ಬದಿಯಿಂದ ಆರಾರು ಮೀಟರ್ ಬೆಳಕು, ಉಳಿದ ಮೂರು ಮೀಟರ್ ಓಡಾಟಕ್ಕೆ.

ಉತ್ತರದ ಕಿಟಕಿಗೆ ಸಜ್ಜಾ ಏಕೆ ಎಂದು ಹಲವರು ಕೇಳಿದರು. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ನಂತರ ಮೋಡವಿರುತ್ತದೆ, ಮೇ ತಿಂಗಳಲ್ಲಿ ಅಷ್ಟಿರುವುದಿಲ್ಲ. ಪಶ್ಚಿಮದ ಇಳಿಬಿಸಿಲನ್ನು ತಡೆಯಲು ಸಜ್ಜಾ ಸಾಲದು, ಆದ್ದರಿಂದ ಮೆಟ್ಟಿಲು, ಲಿಫ್ಟ್, ಶೌಚಾಲಯಗಳನ್ನು ಆ ಬದಿಗೆ ಸರಿಸಿದೆ.

ತಂಪಿನ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ಗಾಳಿ ತಣ್ಣಗಿರುತ್ತದೆ. ಫಾಲ್ಸ್ ಸೀಲಿಂಗ್ ಇಲ್ಲದೆ ಸ್ಲ್ಯಾಬನ್ನು ಬರಿದಾಗಿ ಬಿಟ್ಟರೆ ಅದು ಹಗಲು ಶಾಖ ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ಅದಕ್ಕಾಗಿ ಕಿಟಕಿಯ ಮೇಲೆ, ರಾತ್ರಿಯಿಡೀ ತೆರೆದಿಡಬಹುದಾದ ಗಾಳಿಕಂಡಿಗಳನ್ನು ಕೊಟ್ಟೆ. ಏಸಿ ಇರುವುದು ಸರ್ವರ್ ಕೋಣೆಗೆ ಮತ್ತು ಸಭಾಕೋಣೆಗಳಿಗೆ ಮಾತ್ರ, ಉಳಿದೆಡೆ ಫ್ಯಾನ್.

ಆದರೆ ಮಳೆ? ಕೆಲಸ ಶುರುವಾಗುವ ಮೊದಲೇ ನಿವೇಶನದ ಮೂಲೆಯಲ್ಲಿ ಒಂದು ಕಿಟಕಿಯಷ್ಟು ಗೋಡೆಯನ್ನು ಮಾದರಿಗೆಂದು ಕಟ್ಟಿಸಿದ್ದೆ. ಜೂನ್‌ನ ಒಂದು ಸಂಜೆ ಗಾಳಿಮಳೆ ಹೊಡೆಯುವಾಗ ಮೇಸ್ತ್ರಿಗಳು ಅದರ ಒಳಗೆ ನಿಂತು, ಕಿಟಕಿಯ ಪಟ್ಟಿಯ ಮೇಲೆ ಅಂಗೈ ಒತ್ತಿ ನನಗೆ ತೋರಿಸಿದರು. ಕೈ ಪೂರ್ತಿ ಒದ್ದೆ. "ಮೇಡಂ, ನಮ್ಮ ಮಳೆ ಮೇಲಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ" ಎಂದರು. ಎರಚಲು ನೇರವಾಗಿ ಗಾಳಿಕಂಡಿಯೊಳಗೆ ನುಗ್ಗುತ್ತಿತ್ತು. ಕಂಡಿಯ ಪಟ್ಟಿಗಳ ಒಳಅಂಚನ್ನು ಬೆರಳಗಲ ಮೇಲಕ್ಕೆ ಮಡಿಸಿದೆವು, ಕೆಳಗಿನ ಕಲ್ಲಿಗೆ ಹೊರಗೆ ಇಳಿಜಾರು ಕೊಟ್ಟೆವು, ಸಜ್ಜಾದ ಅಡಿಯಲ್ಲಿ ನೀರು ಹಿಂದಕ್ಕೆ ಹರಿಯದಂತೆ ಒಂದು ಸಣ್ಣ ತೋಡು ಬಿಟ್ಟೆವು. ಮುಂದಿನ ಮಳೆಗೆ ಮೇಸ್ತ್ರಿಗಳ ಅಂಗೈ ಒಣಗಿತ್ತು. ಆಮೇಲೆಯೇ ಉಳಿದೆಲ್ಲ ಕಿಟಕಿಗಳ ನಕ್ಷೆಗೆ ಸಹಿ ಹಾಕಿದ್ದು.

ಹೈದರಾಬಾದಿನ ಇನ್ಫೋಸಿಸ್ ಆವರಣದಲ್ಲಿ ಒಂದು ಕಟ್ಟಡದ ಅರ್ಧಕ್ಕೆ ಮಾಮೂಲಿ ಏಸಿ ಹಾಕಿ, ಇನ್ನರ್ಧವನ್ನು ಸ್ಲ್ಯಾಬಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ತಂಪು ಮಾಡಿದ್ದಾರೆ. ತಣ್ಣೀರಿನ ಭಾಗ ಕಡಿಮೆ ವಿದ್ಯುತ್ ಬಳಸುತ್ತದೆ ಎಂದು ಅಲ್ಲಿ ಕಂಡುಬಂತು. ಹೈದರಾಬಾದಿನ ಬಿಸಿಲಿಗೆ ಅದು ಒಳ್ಳೆಯ ಉಪಾಯ, ಕಂಪನಿಯವರೂ ಅದನ್ನು ಕೇಳಿದ್ದರು. ನಾನು ಬೇಡವೆಂದೆ. ಹಾಸನಕ್ಕೆ ಅಷ್ಟು ಬೇಕಿಲ್ಲ, ಜೊತೆಗೆ ಸ್ಲ್ಯಾಬಿನೊಳಗೆ ಏನನ್ನೂ ಹೂಳಬಾರದೆಂಬುದು ನನ್ನ ಹಟವಾಗಿತ್ತು.

ಬ್ರಿಟನ್ನಿನ ವಾಸ್ತುಶಿಲ್ಪಿ ಫ್ರಾಂಕ್ ಡಫಿ ಕಚೇರಿ ಕಟ್ಟಡವನ್ನು ಪದರ ಪದರವಾಗಿ ನೋಡಿದವರು. ಚೌಕಟ್ಟು ಹಲವು ದಶಕ ಬಾಳುತ್ತದೆ, ಕೊಳವೆ ಮತ್ತು ವೈರುಗಳು ಸುಮಾರು 15 ವರ್ಷ, ಒಳಗಿನ ಮರೆಗಳು ಐದಾರು ವರ್ಷ, ಮೇಜು ಕುರ್ಚಿಗಳು ದಿನದಿನವೂ ಜಾಗ ಬದಲಿಸುತ್ತವೆ. ಹದಿನೈದು ವರ್ಷದ ವೈರನ್ನು ಅರವತ್ತು ವರ್ಷದ ಕಾಂಕ್ರೀಟಿನಲ್ಲಿ ಹೂತರೆ ಮುಂದೆ ಸುತ್ತಿಗೆ, ಉಳಿ ಹಿಡಿಯಲೇಬೇಕು. ಎರಡನೇ ಮಹಡಿಯ ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಹೋಗಿ ನೋಡಿದರೆ, ರೂಢಿಯಂತೆ ಕಂಬಿಗಳ ನಡುವೆ ಪ್ಲಾಸ್ಟಿಕ್ ಪೈಪುಗಳನ್ನು ಕಟ್ಟಿಬಿಟ್ಟಿದ್ದರು. ದೀಪ ಹಾಕಿಸಿ, ರಾತ್ರಿ ಹತ್ತರವರೆಗೆ ನಿಂತು ಎಲ್ಲವನ್ನೂ ಬಿಚ್ಚಿಸಿದೆ. ಈಗ ಎಲ್ಲ ವೈರುಗಳೂ ಸ್ಲ್ಯಾಬಿನ ಕೆಳಗೆ, ಕಣ್ಣಿಗೆ ಕಾಣುವ ತಗಡಿನ ಟ್ರೇಗಳಲ್ಲಿ ಓಡುತ್ತವೆ.

ಭಾರದ ವಿಷಯದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ವಾದವೇ ಆಯಿತು. ಪ್ರತ್ಯೇಕ ದಾಸ್ತಾನು ಕೋಣೆ ಇರುವ ಕಚೇರಿಗೆ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 250 ಕಿಲೋ ಸಾಕು. ನಾನು 4 ಕಿಲೋನ್ಯೂಟನ್ ಕೇಳಿದೆ. ನಾಳೆ ಅದು ತರಗತಿಯಾದರೂ ಆಸ್ಪತ್ರೆಯ ವಾರ್ಡಾದರೂ ನೆಲ ತಡೆಯಬೇಕು. ಕಬ್ಬಿಣ ಹೆಚ್ಚು ಬೇಕಾಗುತ್ತದೆ ಎಂಬ ಅವರ ಮಾತು ನಿಜ. ಅದಕ್ಕೆ ಪ್ರತಿಯಾಗಿ, ಉಕ್ಕಿನ ಕಾರ್ಖಾನೆಗಳಲ್ಲಿ ಉಳಿಯುವ ಸ್ಲ್ಯಾಗ್ ಬೆರೆತ ಸಿಮೆಂಟ್ ಬಳಸಿ ಇಂಗಾಲದ ಹೊರೆಯನ್ನು ಇಳಿಸಿದೆವು. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಸೆಂಟ್ರಿಂಗ್ ಅನ್ನು ಹೆಚ್ಚು ದಿನ ಬಿಡಬೇಕಾಯಿತು, ಗುತ್ತಿಗೆದಾರರಿಗೆ ಬೇಸರವೂ ಆಯಿತು. ಮುಂದೆ ಬೇರೆ ಕೆಲಸಕ್ಕೂ ಒದಗಲೆಂದು ವಾಹನ ನಿಲ್ಲಿಸುವ ಮಹಡಿಯನ್ನೂ ಇಳಿಜಾರಿಲ್ಲದೆ ಸಮತಟ್ಟಾಗಿ, ಕಚೇರಿಯಷ್ಟೇ ಎತ್ತರಕ್ಕೆ ಕಟ್ಟಿದ್ದೇವೆ.

ಒಳಗಿನ ಮರೆಗಳು ಕಾಫಿ ತೋಟಗಳ ಸಿಲ್ವರ್ ಓಕ್ ಮರದವು. ಮೊಳೆ, ಅಂಟು ಯಾವುದೂ ಇಲ್ಲ, ಬೋಲ್ಟ್ ಮಾತ್ರ.

ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿದಂತೆ ಮೂರನೇ ಮಹಡಿಯ ಒಂದು ರೆಕ್ಕೆ ಖಾಲಿಯಾಯಿತು. ಕಳೆದ ವರ್ಷ ಕಂಪನಿ ಅದನ್ನು ತರಬೇತಿ ಕೇಂದ್ರಕ್ಕೆ ಬಾಡಿಗೆಗೆ ಕೊಟ್ಟಿತು. ಆ ರೆಕ್ಕೆಗೆ ಬೇರೆ ಮೆಟ್ಟಿಲು, ಬೇರೆ ಮೀಟರ್ ಮೊದಲೇ ಇದ್ದವು. ಇಬ್ಬರು ಬಡಗಿಗಳು, ಒಬ್ಬ ಎಲೆಕ್ಟ್ರಿಷಿಯನ್ ಸೇರಿ ಮರೆಗಳನ್ನು ಬಿಚ್ಚಿ ಆರು ತರಗತಿ ಮಾಡಿದರು. ಕೆಲಸ ಮುಗಿದ ದಿನ ನಾನು ಹೋದಾಗ ಹೊರಗೆ ಸಾಗಿಸಲು ಮೂರು ಚೀಲ ಕಸ ಇತ್ತು. ಒಂದೊಂದನ್ನೂ ಬಿಚ್ಚಿ ನೋಡಿದೆ: ಮರದ ಹೊಟ್ಟು, ವೈರಿನ ತುಂಡು, ಹಳೆಯ ಕಾಗದ. ಕಾಂಕ್ರೀಟಿನ ಒಂದು ಚೂರೂ ಇರಲಿಲ್ಲ.